ರಾಬಿನ್ ಹುಡ್ಸ್ ಬೇ ಅಥವಾ ಸ್ಟೇಥ್ಸ್: ಯಾರ್ಕ್‌ಷೈರ್ ಕಡಲಿನ ಎರಡು ಹಳೆಯ ಮೀನುಗಾರರ ಹಳ್ಳಿಗಳಲ್ಲಿ ನಿಮ್ಮ ರಜೆಗೆ ಯಾವುದು?

ಇಂಗ್ಲೆಂಡಿನ ಈಶಾನ್ಯ ಕರಾವಳಿಯಲ್ಲಿ ರಜೆ ಕಳೆಯೋಣ ಅಂತ ಹುಡುಕಲು ಕೂತವರಿಗೆ ಎರಡು ಹೆಸರು ಬೇಗ ಸಿಗುತ್ತವೆ: ರಾಬಿನ್ ಹುಡ್ಸ್ ಬೇ ಮತ್ತು ಸ್ಟೇಥ್ಸ್. ಎರಡೂ ನಾರ್ತ್ ಯಾರ್ಕ್‌ಷೈರಿನ ಹಳೆಯ ಮೀನುಗಾರರ ಹಳ್ಳಿಗಳು. ಎರಡೂ ನಾರ್ತ್ ಯಾರ್ಕ್ ಮೂರ್ಸ್ ರಾಷ್ಟ್ರೀಯ ಉದ್ಯಾನದ ಒಳಗೇ ಇವೆ. ನಡುವೆ ವಿಟ್ಬಿ ಪಟ್ಟಣ. ಅಲ್ಲಿಂದ ದಕ್ಷಿಣಕ್ಕೆ ಸುಮಾರು 10 ಕಿಲೋಮೀಟರ್ ಹೋದರೆ ರಾಬಿನ್ ಹುಡ್ಸ್ ಬೇ, ವಾಯವ್ಯಕ್ಕೆ ಸುಮಾರು 16 ಕಿಲೋಮೀಟರ್ ಹೋದರೆ ಸ್ಟೇಥ್ಸ್.

ಫೋಟೋಗಳಲ್ಲಿ ಎರಡನ್ನೂ ಬೇರೆ ಮಾಡಿ ನೋಡುವುದೇ ಕಷ್ಟ. ಕೆಂಪು ಹೆಂಚಿನ ಮಾಡು, ಒಂದಕ್ಕೊಂದು ಅಂಟಿಕೊಂಡ ಮನೆಗಳು, ಕಡಿದಾದ ಓಣಿ, ಕೆಳಗೆ ಸಮುದ್ರ. ಆದರೆ ಅಲ್ಲಿ ಹೋಗಿ ಉಳಿದಾಗ ಸಿಗುವ ರಜೆ ಮಾತ್ರ ಪೂರಾ ಬೇರೆ. ರಾಬಿನ್ ಹುಡ್ಸ್ ಬೇ ಸಮುದ್ರದ ದಡಕ್ಕೆ ಇಳಿದು ದಿನವಿಡೀ ಅಲೆಯುವವರ ಊರು. ಸ್ಟೇಥ್ಸ್ ಊರೊಳಗೇ ಕೂತು, ಬಂದರನ್ನು ನೋಡುತ್ತ, ನಿಧಾನವಾಗಿ ಇರಬೇಕೆನ್ನುವವರ ಊರು. ಈ ಒಂದು ವ್ಯತ್ಯಾಸ ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಹಂತಗಳನ್ನು ಓದಿ.

ಹಂತ 1: ದಿನ ಹೇಗೆ ಕಳೆಯಬೇಕು ಅಂತ ಮೊದಲು ಮಾತಾಡಿಕೊಳ್ಳಿ

ಮನೆ ಹುಡುಕುವ ಮೊದಲು ಜೊತೆಗೆ ಬರುವವರನ್ನೆಲ್ಲ ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿ. ಬೆಳಗ್ಗೆ ತಿಂಡಿ ಮುಗಿದ ಮೇಲೆ ಎಲ್ಲಿಗೆ ಹೋಗೋಣ?

ಬಂಡೆಗಳ ಮೇಲೆ, ನೀರಿನ ಗುಂಡಿಗಳಲ್ಲಿ, ದೂರ ದೂರ ನಡೆಯುತ್ತ ಅಂತ ಉತ್ತರ ಬಂದರೆ ರಾಬಿನ್ ಹುಡ್ಸ್ ಬೇ ಕಡೆ ವಾಲಿ. ಅಲ್ಲಿನ ಕೊಲ್ಲಿ ಊರಿನಿಂದ ದಕ್ಷಿಣದ ರೇವನ್ಸ್‌ಕಾರ್ ತುದಿಯವರೆಗೆ ದೊಡ್ಡದಾಗಿ ಬಾಗಿದೆ. ನೀರು ಇಳಿದಾಗ ಬಂಡೆಯ ಸಾಲುಗಳು ಒಂದರ ಹಿಂದೊಂದು ಬಿಲ್ಲಿನಂತೆ ಮೇಲೇಳುತ್ತವೆ. ಇವು ಜುರಾಸಿಕ್ ಕಾಲದ ಬಂಡೆಗಳು, ಸುಮಾರು 19 ಕೋಟಿ ವರ್ಷ ಹಳೆಯವು. ಅಮೋನೈಟ್ ಎಂಬ ಸುರುಳಿ ಚಿಪ್ಪಿನ ಪಳೆಯುಳಿಕೆಗಳು ಇಲ್ಲಿ ಕಾಲಿಗೇ ಸಿಗುತ್ತವೆ. ಜುರಾಸಿಕ್ ಕಾಲದಲ್ಲಿ ಪ್ಲೀನ್ಸ್‌ಬಾಕಿಯನ್ ಅಂತ ಒಂದು ಘಟ್ಟ ಇದೆ. ಅದು ಯಾವ ಪದರದಿಂದ ಶುರುವಾಗುತ್ತದೆ ಅಂತ ಇಡೀ ಜಗತ್ತಿಗೆ ಅಳತೆಗೋಲಾಗಿ ಭೂವಿಜ್ಞಾನಿಗಳು 2005ರಲ್ಲಿ ಒಪ್ಪಿಕೊಂಡ ಜಾಗ ಇದೇ ಕೊಲ್ಲಿಯ ವೈನ್ ಹೇವನ್. ಕಲ್ಲು, ಚಿಪ್ಪು ಅಂದರೆ ಕಣ್ಣರಳಿಸುವ ಮಗು ಜೊತೆಗಿದ್ದರೆ ಮುಂದೆ ಯೋಚಿಸುವ ಅಗತ್ಯವೇ ಇಲ್ಲ. ಇಲ್ಲಿಗೇ ಹೋಗಿ.

ಸ್ಟೇಥ್ಸ್‌ನ ಚೆಲುವು ಬೇರೆ ಥರದ್ದು. ಊರಿನ ಪಕ್ಕದಲ್ಲೇ ಒಂದು ಹಳ್ಳ ಹರಿದು ಸಮುದ್ರ ಸೇರುತ್ತದೆ. ಹಳ್ಳದ ಆಚೆ ದಡದಲ್ಲಿ ಕೌಬಾರ್. ನಡುವೆ ಕಾಲುಸೇತುವೆ. ಹಳ್ಳದಲ್ಲಿ ದೋಣಿಗಳು ಕಟ್ಟಿರುತ್ತವೆ. ಎರಡು ತಡೆಗೋಡೆಗಳ ನಡುವೆ ಪುಟ್ಟ ಬಂದರು, ಅದರೊಳಗೆ ನೀರು ಇಳಿದಾಗ ಕಾಣುವ ಸಣ್ಣ ಮರಳಿನ ಜಾಗ. ಅಷ್ಟೇ. ಆದರೆ ಕೌಬಾರ್ ಕಡೆಯ ದಿಬ್ಬದಿಂದ ತಿರುಗಿ ನೋಡಿದರೆ ಇಡೀ ಊರು, ಹಳ್ಳ, ಬಂದರು ಒಟ್ಟಿಗೆ ಕಾಣುತ್ತವೆ. ಈ ಕರಾವಳಿಯಲ್ಲಿ ಇದಕ್ಕಿಂತ ಒಳ್ಳೆಯ ನೋಟ ನನಗೆ ಗೊತ್ತಿಲ್ಲ. ಬೇಸಿಗೆಯಲ್ಲಿ ಕೌಬಾರ್ ನ್ಯಾಬ್ ಬಂಡೆಯ ಮೇಲೆ ಕಿಟ್ಟಿವೇಕ್ ಹಕ್ಕಿಗಳು ಗೂಡು ಕಟ್ಟುತ್ತವೆ. ಅವುಗಳ ಕೂಗು ಊರಿನ ತುಂಬ ಕೇಳುತ್ತದೆ. ಚಿತ್ರ ಬರೆಯುವವರು, ಫೋಟೋ ತೆಗೆಯುವವರು, ಪುಸ್ತಕ ಹಿಡಿದು ಸುಮ್ನೆ ಕೂರುವವರು ಇಲ್ಲಿ ಖುಷಿಯಾಗಿರುತ್ತಾರೆ. ಮಕ್ಕಳಿಗೆ ಹಳ್ಳದ ಅಂಚಿನಲ್ಲಿ ದಾರ ಬಿಟ್ಟು ಏಡಿ ಹಿಡಿಯುವ ಆಟ ಇದೆ. ಹಿಡಿದ ಏಡಿಗಳನ್ನು ಬಕೆಟ್ಟಿನಲ್ಲಿ ಬಹಳ ಹೊತ್ತು ಇಡದೆ ನೀರಿಗೇ ಬಿಡಿಸಿ.

ಮರಳಿನಲ್ಲಿ ಆಡುವುದು, ಈಜುವುದೇ ಮುಖ್ಯ ಅಂದರೆ? ಎರಡೂ ಊರು ಅದಕ್ಕೆ ಅಷ್ಟು ಒಗ್ಗುವುದಿಲ್ಲ. ಸ್ಟೇಥ್ಸ್‌ನಿಂದ ಸ್ವಲ್ಪ ದೂರದ ರನ್ಸ್‌ವಿಕ್ ಬೇ ಅಥವಾ ವಿಟ್ಬಿ ಪಕ್ಕದ ಸ್ಯಾಂಡ್ಸ್‌ಎಂಡ್ ಮರಳಿಗೆ ವಾಸಿ. ನೀರು ಆಗಸ್ಟ್‌ನಲ್ಲೂ ತಣ್ಣಗೇ ಇರುತ್ತದೆ.

ಹಂತ 2: ಉಬ್ಬರ ಇಳಿತದ ಪಟ್ಟಿ ನೋಡದೆ ದಿನಾಂಕ ಹಾಕಬೇಡಿ

ಬಹಳ ಜನ ಹವಾಮಾನ ನೋಡುತ್ತಾರೆ, ಇದನ್ನು ನೋಡುವುದಿಲ್ಲ. ಇಲ್ಲಿನ ರಜೆಯನ್ನು ನಡೆಸುವುದು ಮಳೆಗಿಂತ ಜಾಸ್ತಿ ಸಮುದ್ರದ ಏರಿಳಿತ.

ಲೆಕ್ಕ ಸುಲಭ. ಸುಮಾರು ಹನ್ನೆರಡೂವರೆ ಗಂಟೆಗೊಮ್ಮೆ ನೀರು ಪೂರ್ತಿ ಏರುತ್ತದೆ. ಏರಿದ ಆರು ಗಂಟೆ ಚಿಲ್ಲರೆಗೆ ಪೂರ್ತಿ ಇಳಿಯುತ್ತದೆ. ಇವತ್ತು ಬೆಳಗ್ಗೆ ಹತ್ತಕ್ಕೆ ಇಳಿದರೆ ನಾಳೆ ಇಳಿಯುವುದು ಹತ್ತೂ ಮುಕ್ಕಾಲು, ಹನ್ನೊಂದರ ಹೊತ್ತಿಗೆ. ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನಕ್ಕೆ ಏರಿಳಿತ ಅತಿ ಹೆಚ್ಚು. ಆಗ ನೀರು ತುಂಬ ದೂರ ಹಿಂದೆ ಹೋಗುತ್ತದೆ, ತುಂಬ ಮೇಲಕ್ಕೂ ಬರುತ್ತದೆ. ವಿಟ್ಬಿಯ ಸಮಯಪಟ್ಟಿ ಹಿಡಿದುಕೊಂಡರೆ ಎರಡೂ ಊರಿಗೆ ಸಾಕು. ಕೆಲವು ನಿಮಿಷಗಳ ವ್ಯತ್ಯಾಸ ಇರುತ್ತದೆ, ಅಷ್ಟೇ. ಒಂದು ವಿಷಯ ಗಮನಿಸಿ. ಕೆಲವು ಪಟ್ಟಿಗಳು ಬೇಸಿಗೆಯಲ್ಲೂ ಗ್ರೀನಿಚ್ ಸಮಯವನ್ನೇ ಕೊಡುತ್ತವೆ. ಅಂಥ ಪಟ್ಟಿಗೆ ಮಾರ್ಚ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ಒಂದು ಗಂಟೆ ಸೇರಿಸಿಕೊಳ್ಳಬೇಕು.

ಇದು ಆಯ್ಕೆಗೆ ಹೇಗೆ ಸಹಾಯ ಮಾಡುತ್ತದೆ? ರಾಬಿನ್ ಹುಡ್ಸ್ ಬೇಯಲ್ಲಿ ನೀರು ಏರಿದಾಗ ದಡವೇ ಇರುವುದಿಲ್ಲ. ಅಲೆ ನೇರ ಗೋಡೆಗೆ ಬಡಿಯುತ್ತದೆ. ನಿಮ್ಮದು ಎರಡು ದಿನದ ಸಣ್ಣ ರಜೆ, ಆ ಎರಡೂ ದಿನ ನಡುಹಗಲಲ್ಲೇ ಉಬ್ಬರ ಅಂದರೆ ಈ ಊರಿನ ದೊಡ್ಡ ಸುಖವೇ ನಿಮಗೆ ಸಿಗುವುದಿಲ್ಲ. ಅಂಥ ವಾರಾಂತ್ಯಕ್ಕೆ ಸ್ಟೇಥ್ಸ್ ಒಳ್ಳೆಯದು. ನೀರು ತುಂಬಿದ ಬಂದರು ನೋಡಲು ಇನ್ನೂ ಚೆಂದ. ಒಂದು ವಾರ ಇರುವವರಿಗೆ ಈ ಚಿಂತೆ ಕಡಿಮೆ, ಇಳಿತದ ಹೊತ್ತು ದಿನೇ ದಿನೇ ಸರಿದು ಎಲ್ಲಾದರೂ ಅನುಕೂಲವಾಗಿ ಬಂದೇ ಬರುತ್ತದೆ.

ಸುರಕ್ಷತೆಯ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ನೀರು ಇಳಿಯುತ್ತಿರುವಾಗಲೇ ದಡಕ್ಕೆ ಇಳಿಯಿರಿ. ಅತಿ ಕಡಿಮೆ ನೀರಿನ ಹೊತ್ತಿಗೆ ವಾಪಸ್ ಹೊರಡಿ. ಕೊಲ್ಲಿಯ ಹಿಂದಿರುವುದು ಎತ್ತರದ ಜೇಡಿಬಂಡೆಯ ಗೋಡೆ, ಹತ್ತಲು ಎಲ್ಲೆಂದರಲ್ಲಿ ದಾರಿ ಇಲ್ಲ. ರಾಬಿನ್ ಹುಡ್ಸ್ ಬೇಯಿಂದ ಬಾಗಲ್ ಹೋಲ್‌ವರೆಗೆ ದಡದ ಮೇಲೆ ನಡೆದರೆ ಸುಮಾರು ಒಂದು ಕಿಲೋಮೀಟರ್. ಅಲ್ಲಿ ಯೂತ್ ಹಾಸ್ಟೆಲ್ ಇದೆ, ಮೇಲೆ ಹತ್ತುವ ದಾರಿಯೂ ಇದೆ. ಹೊತ್ತು ಮೀರಿದರೆ ದಡದಲ್ಲಿ ವಾಪಸ್ ಬರಬೇಡಿ, ಮೇಲಿನ ಕಾಲುದಾರಿಯಲ್ಲೇ ಬನ್ನಿ. ಬಂಡೆಗೋಡೆಯ ಬುಡದಲ್ಲಿ ಕೂರಬೇಡಿ, ಕಲ್ಲು ಉದುರುತ್ತದೆ. ಗೋಡೆಯನ್ನು ಸುತ್ತಿಗೆಯಿಂದ ಕೆದಕುವುದೂ ಬೇಡ. ದಡದಲ್ಲಿ ಬಿಡಿಯಾಗಿ ಬಿದ್ದ ಕಲ್ಲುಗಳಲ್ಲೇ ಬೇಕಾದಷ್ಟು ಪಳೆಯುಳಿಕೆ ಇರುತ್ತವೆ. ಸಿಕ್ಕಿಹಾಕಿಕೊಂಡರೆ 999ಕ್ಕೆ ಫೋನ್ ಮಾಡಿ ಕೋಸ್ಟ್‌ಗಾರ್ಡ್ ಬೇಕು ಅನ್ನಿ.

ಹಂತ 3: ಮೊಣಕಾಲಿನ ಮಾತು ಕೇಳಿ

ಎರಡೂ ಊರು ಸಮುದ್ರದ ಅಂಚಿನ ಕಣಿವೆಯಲ್ಲಿವೆ. ಎರಡಕ್ಕೂ ಕಾರನ್ನು ಮೇಲೆ ನಿಲ್ಲಿಸಿ ಇಳಿಯಬೇಕು. ಪಾರ್ಕಿಂಗ್‌ಗೆ ದುಡ್ಡು ಕೊಡಬೇಕು, ರಜಾದಿನಗಳಲ್ಲಿ ಜಾಗ ಬೇಗ ತುಂಬುತ್ತದೆ.

ರಾಬಿನ್ ಹುಡ್ಸ್ ಬೇಯ ಇಳಿಜಾರು ಹೆಚ್ಚು ಕಡಿದು. ಪಕ್ಕದಲ್ಲಿ ಮೆಟ್ಟಿಲುಗಳಿವೆ. ಇಳಿಯುವಾಗ ನಗುತ್ತ ಇಳಿದವರು ಹತ್ತುವಾಗ ಎರಡು ಮೂರು ಕಡೆ ನಿಲ್ಲುತ್ತಾರೆ. ಸ್ಟೇಥ್ಸ್‌ನ ದಾರಿಯೂ ಕಡಿದೇ, ಆದರೆ ಕೆಳಗೆ ಇಳಿದ ಮೇಲೆ ಮುಖ್ಯ ಬೀದಿ ಬಹುಮಟ್ಟಿಗೆ ಸಮ. ಹಾಗಾಗಿ ಮೊಣಕಾಲು ನೋವಿರುವ ಅಪ್ಪ ಅಮ್ಮ ಜೊತೆಗಿದ್ದರೆ ನಾನು ಸ್ಟೇಥ್ಸ್‌ಗೇ ಹೆಚ್ಚು ಅಂಕ ಕೊಡುತ್ತೇನೆ. ಒಮ್ಮೆ ಕೆಳಗೆ ತಲುಪಿಸಿದರೆ ಬಂದರು, ಸೇತುವೆ, ಕೂರುವ ಜಾಗ ಎಲ್ಲ ಕಾಲಳತೆಯಲ್ಲೇ ಇವೆ. ಅದೂ ಕಷ್ಟ ಅನ್ನುವ ಸ್ಥಿತಿ ಇದ್ದರೆ ರಾಬಿನ್ ಹುಡ್ಸ್ ಬೇಯ ಮೇಲಿನ ಊರಿನಲ್ಲಿ ಮನೆ ಹಿಡಿಯಿರಿ. ವಿಕ್ಟೋರಿಯಾ ಕಾಲದ ದೊಡ್ಡ ಮನೆಗಳು, ಸಮನಾದ ರಸ್ತೆ, ಕಿಟಕಿಯಿಂದಲೇ ಕೊಲ್ಲಿ.

ಗಾಲಿ ಸೂಟ್‌ಕೇಸ್ ಎರಡೂ ಕಡೆ ಉಪಯೋಗಕ್ಕೆ ಬರುವುದಿಲ್ಲ. ಕಲ್ಲು ಹಾಸಿನ ಓಣಿಗೆ ಬೆನ್ನಿಗೆ ಹಾಕುವ ಚೀಲ ತನ್ನಿ. ಮಗುವಿನ ತಳ್ಳುಗಾಡಿಗಿಂತ ಎದೆಗೆ ಕಟ್ಟಿಕೊಳ್ಳುವ ಚೀಲ ಒಳ್ಳೆಯದು. ಸ್ಟೇಥ್ಸ್‌ನಲ್ಲಿ ಡಾಗ್ ಲೂಪ್ ಅಂತ ಒಂದು ಸಂದಿ ಇದೆ. ಅದರಲ್ಲಿ ಭುಜ ಓರೆ ಮಾಡಿಕೊಂಡೇ ನಡೆಯಬೇಕು.

ಹಂತ 4: ಯಾವ ಕಥೆಯ ಊರಿನಲ್ಲಿ ಮಲಗಬೇಕು ಅಂತ ಯೋಚಿಸಿ

ಹಳೆಯ ಊರಿಗೆ ಹೋಗುವುದೇ ಅದರ ಕಥೆಗಾಗಿ, ಅಲ್ವಾ? ಆಯ್ಕೆಯಲ್ಲಿ ಇದಕ್ಕೂ ದೊಡ್ಡ ಪಾಲು ಕೊಡಿ. ಗೊತ್ತಿದ್ದು ನಡೆದರೆ ಅದೇ ಓಣಿ ಬೇರೆಯಾಗಿ ಕಾಣುತ್ತದೆ.

ರಾಬಿನ್ ಹುಡ್ಸ್ ಬೇ ಅಂದರೆ ಕಳ್ಳಸಾಗಣೆಯ ಊರು. 18ನೇ ಶತಮಾನದಲ್ಲಿ ಚಹಾ, ಮದ್ಯ, ರೇಷ್ಮೆ, ತಂಬಾಕಿನ ಮೇಲೆ ಸರ್ಕಾರ ಭಾರಿ ಸುಂಕ ಹಾಕಿತ್ತು. ಈ ಕೊಲ್ಲಿಗೆ ಹಿಂದಿನಿಂದ ಬರಲು ಬಯಲು ಬೆಟ್ಟ ದಾಟಬೇಕಿತ್ತು. ಸುಂಕದ ಅಧಿಕಾರಿಗಳಿಗೆ ಅದು ಕಷ್ಟ, ಊರಿನವರಿಗೆ ಅನುಕೂಲ. ದಡಕ್ಕೆ ಬಂದ ರೇಷ್ಮೆಯ ಗಂಟು ಒಮ್ಮೆಯೂ ಬೀದಿಗೆ ಬಾರದೆ, ಮನೆಯಿಂದ ಮನೆಗೆ ದಾಟಿ ಊರಿನ ಮೇಲಿನ ತುದಿ ತಲುಪುತ್ತಿತ್ತು ಅಂತ ಊರಿನವರು ಇಂದಿಗೂ ಹೇಳುತ್ತಾರೆ. ಮನೆಗಳು ಎಷ್ಟು ಒತ್ತಾಗಿವೆ ಅಂತ ಕಂಡಾಗ ನಂಬಿಕೆ ಬರುತ್ತದೆ. ಇನ್ನು ರಾಬಿನ್ ಹುಡ್ ಇಲ್ಲಿಗೆ ಬಂದಿದ್ದ ಅನ್ನುವುದಕ್ಕೆ ಯಾವ ಆಧಾರವೂ ಇಲ್ಲ.

ನನ್ನನ್ನು ಹೆಚ್ಚು ಹಿಡಿದಿಟ್ಟಿರುವುದು 1881ರ ಜನವರಿಯ ಘಟನೆ. ವಿಸಿಟರ್ ಎಂಬ ಹಡಗು ಬಿರುಗಾಳಿಗೆ ಸಿಕ್ಕಿ ಕೊಲ್ಲಿಯಲ್ಲಿ ಮುಳುಗಿತು. ನಾವಿಕರು ಸಣ್ಣ ದೋಣಿಗೆ ಇಳಿದಿದ್ದರು. ವಿಟ್ಬಿಯ ರಕ್ಷಣಾ ದೋಣಿಯನ್ನು ಆ ಸಮುದ್ರದಲ್ಲಿ ಇಲ್ಲಿಗೆ ತರಲು ಸಾಧ್ಯವಿರಲಿಲ್ಲ. ಹಾಗಾಗಿ ಜನ ಅದನ್ನು ನೆಲದ ಮೇಲೇ ಎಳೆದು ತಂದರು. ಸುಮಾರು 10 ಕಿಲೋಮೀಟರ್, ಗುಡ್ಡದ ಮೇಲೆ, ಆಳೆತ್ತರದ ಹಿಮವನ್ನು ಸಲಿಕೆಯಿಂದ ತೆಗೆಯುತ್ತ. ಕುದುರೆಗಳೂ ಇದ್ದವು, ಇನ್ನೂರರಷ್ಟು ಜನರೂ ಇದ್ದರು. ಈ ಊರಿನವರು ಈ ಕಡೆಯಿಂದ ಹಿಮ ತೆಗೆಯುತ್ತ ಎದುರು ಹೋದರು. ಆಮೇಲೆ ಆ ಕಡಿದಾದ ಇಳಿಜಾರಿನಲ್ಲಿ ದೋಣಿಯನ್ನು ಹಗ್ಗ ಹಿಡಿದು ಇಳಿಸಿದರು. ಮೊದಲ ಸಲ ಹುಟ್ಟುಗಳು ಮುರಿದವು. ಎರಡನೇ ಸಲ ಆರೂ ನಾವಿಕರು ಬದುಕಿ ದಡ ಸೇರಿದರು. ಆ ಇಳಿಜಾರಿನಲ್ಲಿ ಬರೀ ಒಂದು ಚೀಲ ಹೊತ್ತು ಇಳಿದು ನೋಡಿ, ಆ ಕೆಲಸ ಎಂಥದ್ದು ಅಂತ ಗೊತ್ತಾಗುತ್ತದೆ.

ಈ ಊರು ಸಮುದ್ರಕ್ಕೆ ಬಹಳ ಕಳೆದುಕೊಂಡಿದೆ. 1780ರಲ್ಲಿ ಊರಿಗೆ ಇಳಿಯುತ್ತಿದ್ದ ಹಳೆಯ ರಸ್ತೆಯ ಒಂದು ಭಾಗ ಮನೆಗಳ ಸಮೇತ ಕುಸಿಯಿತು. ಈಗ ನೀವು ನೋಡುವ ಎತ್ತರದ ತಡೆಗೋಡೆ 1975ರದ್ದು. ಕೊಲ್ಲಿಯ ದಕ್ಷಿಣ ತುದಿಯ ರೇವನ್ಸ್‌ಕಾರ್‌ನಲ್ಲಿ ಪಟಿಕದ ಕಾರ್ಖಾನೆಯ ಅವಶೇಷಗಳಿವೆ. ಬಟ್ಟೆಗೆ ಬಣ್ಣ ಕೂರಿಸಲು ಪಟಿಕ ಬೇಕಿತ್ತು. 17ನೇ ಶತಮಾನದ ನಡುವಿನಿಂದ 1860ರ ದಶಕದವರೆಗೆ ಇಲ್ಲಿನ ಬಂಡೆಯನ್ನು ತಿಂಗಳುಗಟ್ಟಲೆ ಸುಟ್ಟು ಅದನ್ನು ತೆಗೆಯುತ್ತಿದ್ದರು. ಆ ಕೆಲಸಕ್ಕೆ ಮನುಷ್ಯರ ಮೂತ್ರವನ್ನು ಹಡಗಿನಲ್ಲಿ ತರಿಸುತ್ತಿದ್ದರು! ನೋಡಲೇಬೇಕಾದ ಜಾಗ.

ಸ್ಟೇಥ್ಸ್‌ನ ಕಥೆಯಲ್ಲಿ ದೊಡ್ಡ ಹೆಸರು ಜೇಮ್ಸ್ ಕುಕ್. ಪೆಸಿಫಿಕ್ ಸಾಗರದ ನಕ್ಷೆ ಬರೆದ ಆ ಕ್ಯಾಪ್ಟನ್ ಹದಿನಾರು ಹದಿನೇಳರ ವಯಸ್ಸಿನಲ್ಲಿ, 1745ರಿಂದ ಒಂದೂವರೆ ವರ್ಷದಷ್ಟು, ಇಲ್ಲಿನ ವಿಲಿಯಂ ಸ್ಯಾಂಡರ್ಸನ್ ಎಂಬುವರ ಅಂಗಡಿಯಲ್ಲಿ ಹುಡುಗನಾಗಿದ್ದ. ಅಲ್ಲಿಂದ ವಿಟ್ಬಿಗೆ ಹೋಗಿ ಹಡಗು ಸೇರಿದ. ಆ ಅಂಗಡಿ ಈಗ ಇಲ್ಲ, ಅದನ್ನೂ ಸಮುದ್ರ ತೆಗೆದುಕೊಂಡಿತು.

ಆದರೆ ಕುಕ್‌ಗಿಂತ ಇಲ್ಲಿನ ಹೆಂಗಸರ ಕಥೆ ನನಗೆ ಹತ್ತಿರ. ಗಂಡಸರು ಕೋಬಲ್ ಎಂಬ ಎತ್ತರದ ಮೂತಿಯ ದೋಣಿಗಳಲ್ಲಿ ಹೋಗುತ್ತಿದ್ದರು. ಗಾಳಕ್ಕೆ ಎರೆಯಾಗುವ ಚಿಪ್ಪುಮೀನು ಹುಡುಕಿ ತರುವುದು, ಚಿಪ್ಪಿನಿಂದ ಬಿಡಿಸುವುದು, ನೂರಾರು ಗಾಳಕ್ಕೆ ಸಿಕ್ಕಿಸುವುದು, ಮೀನು ಹೊರುವುದು ಎಲ್ಲ ಹೆಂಗಸರ ಪಾಲು. ಅವರು ತಲೆಗೆ ಕಟ್ಟುತ್ತಿದ್ದ ಬಿಳಿ ಹತ್ತಿಯ ಬಾನೆಟ್ ಈ ಊರಿನ ಗುರುತೇ ಆಯಿತು. 19ನೇ ಶತಮಾನದ ಕೊನೆಗೆ ಇಲ್ಲಿಗೆ ಬಂದು ನೆಲೆಸಿದ ಚಿತ್ರಕಾರರ ಗುಂಪು ಈ ಬದುಕನ್ನೇ ಬರೆಯಿತು. ಅವರಲ್ಲಿ ಲಾರಾ ನೈಟ್ ಕೂಡ ಒಬ್ಬರು. ಮುಂದೆ 1936ರಲ್ಲಿ ಅವರು ರಾಯಲ್ ಅಕಾಡೆಮಿಯ ಪೂರ್ಣ ಸದಸ್ಯರಾಗಿ ಆಯ್ಕೆಯಾದ ಮೊದಲ ಮಹಿಳೆಯಾದರು. ರೈಲು 1883ರಲ್ಲಿ ಬಂದು ಮೀನು ದೂರದ ಊರಿಗೆ ಹೋಗತೊಡಗಿತು. ಆದರೆ ದೊಡ್ಡ ಬಂದರುಗಳ ಉಗಿ ಟ್ರಾಲರ್‌ಗಳ ಎದುರು ಸಣ್ಣ ದೋಣಿಗಳು ನಿಲ್ಲಲಿಲ್ಲ. ರೈಲೂ 1958ರಲ್ಲಿ ನಿಂತಿತು. ಈಗ ಉಳಿದಿರುವುದು ಏಡಿ, ಲಾಬ್‌ಸ್ಟರ್ ಹಿಡಿಯುವ ಕೆಲವೇ ದೋಣಿ. ಬಂದರಿನಲ್ಲಿ ಪೇರಿಸಿಟ್ಟ ಬಲೆಬುಟ್ಟಿಗಳು ಯಾರದೋ ಹೊಟ್ಟೆಪಾಡು. ಫೋಟೋಗಾಗಿ ಅವುಗಳ ಮೇಲೆ ಹತ್ತಬೇಡಿ.

ಹಂತ 5: ನಡಿಗೆಯವರಿಗೆ

ಕ್ಲೀವ್‌ಲ್ಯಾಂಡ್ ವೇ ಎಂಬ 175 ಕಿಲೋಮೀಟರ್ ಉದ್ದದ ಕಾಲುದಾರಿ ಎರಡೂ ಊರನ್ನು ಹಾದು ಹೋಗುತ್ತದೆ. ಹಾಗಾಗಿ ನಡಿಗೆಗೆ ಎಲ್ಲಿದ್ದರೂ ಸರಿ. ಆದರೂ ವೈವಿಧ್ಯ ರಾಬಿನ್ ಹುಡ್ಸ್ ಬೇಯಲ್ಲಿ ಜಾಸ್ತಿ. ವಿಟ್ಬಿಯಿಂದ ಸ್ಕಾರ್ಬರೋಗೆ 1885ರಿಂದ 1965ರವರೆಗೆ ಓಡುತ್ತಿದ್ದ ರೈಲಿನ ಹಾದಿ ಈಗ ಸಿಂಡರ್ ಟ್ರ್ಯಾಕ್ ಎಂಬ ನಡಿಗೆ ಮತ್ತು ಸೈಕಲ್ ದಾರಿ. ರೈಲಿನ ಹಾದಿಯಾದ್ದರಿಂದ ಏರು ನಿಧಾನ. ದಡದಲ್ಲಿ ರೇವನ್ಸ್‌ಕಾರ್ ಕಡೆ ಹೋಗಿ ಈ ದಾರಿಯಲ್ಲಿ ವಾಪಸ್ ಬರುವ ಸುತ್ತು ಒಂದು ದಿನಕ್ಕೆ ಸೊಗಸಾಗಿ ಹೊಂದುತ್ತದೆ. ಐರಿಷ್ ಸಮುದ್ರದ ಸೇಂಟ್ ಬೀಸ್‌ನಿಂದ ಇಂಗ್ಲೆಂಡನ್ನು ಅಡ್ಡಲಾಗಿ ದಾಟುವ ಸುಮಾರು 300 ಕಿಲೋಮೀಟರ್ ನಡಿಗೆ ಮುಗಿಯುವುದೂ ಇದೇ ಊರಿನ ದಡದಲ್ಲಿ. ಅಲ್ಲಿಂದ ಹೊತ್ತು ತಂದ ಕಲ್ಲನ್ನು ನಡೆದು ಬಂದವರು ಇಲ್ಲಿನ ನೀರಿಗೆ ಎಸೆಯುತ್ತಾರೆ. ಸಂಜೆ ಕೆಳಗಿನ ಬೇ ಹೋಟೆಲ್ ಎದುರು ಕೂತರೆ ಆ ಮುಖಗಳನ್ನು ನೋಡುವುದೇ ಒಂದು ಸಂತೋಷ.

ಸ್ಟೇಥ್ಸ್‌ನಿಂದ ಕೌಬಾರ್ ದಾಟಿ ಬೌಲ್ಬಿ ಬಂಡೆಯ ಮೇಲೆ ಹತ್ತಬಹುದು. ಸುಮಾರು 200 ಮೀಟರ್ ಎತ್ತರ, ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲೇ ಎತ್ತರದ್ದು. ಹತ್ತಿರದಲ್ಲೇ ಬೌಲ್ಬಿ ಗಣಿ ಕಾಣುತ್ತದೆ. ನೆಲದಿಂದ ಒಂದು ಕಿಲೋಮೀಟರಿಗೂ ಆಳದಲ್ಲಿ, ಆ ಗಣಿಯೊಳಗೆ, ವಿಜ್ಞಾನಿಗಳು ಡಾರ್ಕ್ ಮ್ಯಾಟರ್ ಎಂಬ ಕಣ್ಣಿಗೆ ಕಾಣದ ದ್ರವ್ಯವನ್ನು ಹುಡುಕುವ ಪ್ರಯೋಗಾಲಯ ಇದೆ.

ಹಂತ 6: ತಿಂಗಳು ನೋಡಿ ಊರು ಆರಿಸಿ

ಜುಲೈ ಕೊನೆಯಿಂದ ಸೆಪ್ಟೆಂಬರ್ ಶುರುವಿನವರೆಗೆ ಶಾಲೆಗಳಿಗೆ ರಜೆ. ಆಗ ರಾಬಿನ್ ಹುಡ್ಸ್ ಬೇಯ ಮುಖ್ಯ ಓಣಿಯಲ್ಲಿ ನಡುಹಗಲು ಜನ ತುಂಬಿರುತ್ತಾರೆ. ಸ್ಟೇಥ್ಸ್‌ಗೂ ಜನ ಬರುತ್ತಾರೆ, ಆದರೆ ಸ್ವಲ್ಪ ಕಡಿಮೆ. ಗದ್ದಲ ಆಗದವರು ಆಗಸ್ಟ್‌ಗೆ ಸ್ಟೇಥ್ಸ್, ಮೇ ಅಥವಾ ಜೂನ್‌ಗೆ ರಾಬಿನ್ ಹುಡ್ಸ್ ಬೇ ಅಂತ ಇಟ್ಟುಕೊಳ್ಳಬಹುದು. ಜೂನ್‌ನಲ್ಲಿ ಹಗಲು ಸುಮಾರು ಹದಿನೇಳು ಗಂಟೆ. ವಸಂತ, ಬೇಸಿಗೆಯಲ್ಲಿ ಕೆಲವು ದಿನ ಸಮುದ್ರದಿಂದ ದಟ್ಟ ಮಂಜು ಬಂದು ಊರನ್ನೇ ಮುಚ್ಚುತ್ತದೆ. ಆಗ ಕೆಲವು ಮೈಲಿ ಒಳನಾಡಿಗೆ ಹೋದರೆ ಬಿಸಿಲೇ ಇರಬಹುದು.

ಚಳಿಗಾಲದಲ್ಲಿ ಎರಡೂ ಊರು ಬಹಳ ಖಾಲಿ. ಕೆಲವು ಕಡೆ ಅಂಗಡಿ, ಹೋಟೆಲ್ ವಾರದ ಕೆಲವು ದಿನ ಮಾತ್ರ ತೆರೆದಿರುತ್ತವೆ. ಹಗಲು ಎಂಟು ಗಂಟೆಯೂ ಇರುವುದಿಲ್ಲ. ಬದಲಿಗೆ ನಕ್ಷತ್ರ ಸಿಗುತ್ತವೆ. ಈ ರಾಷ್ಟ್ರೀಯ ಉದ್ಯಾನಕ್ಕೆ 2020ರಲ್ಲಿ ಅಂತರರಾಷ್ಟ್ರೀಯ ಡಾರ್ಕ್ ಸ್ಕೈ ಮೀಸಲು ಪ್ರದೇಶದ ಮಾನ್ಯತೆ ಬಂದಿದೆ.

ಹಂತ 7: ಮನೆ ಬುಕ್ ಮಾಡುವ ಮೊದಲು ಕೇಳಬೇಕಾದ ಪ್ರಶ್ನೆಗಳು

ಎರಡೂ ಊರುಗಳಲ್ಲಿ ಉಳಿಯಲು ಸಿಗುವುದು ಹೆಚ್ಚಾಗಿ ಹಳೆಯ ಮೀನುಗಾರರ ಪುಟ್ಟ ಮನೆಗಳು. ಬೇಸಿಗೆಯಲ್ಲಿ ಹಲವರು ಪೂರ್ತಿ ವಾರಕ್ಕೇ ಕೊಡುತ್ತಾರೆ. ಉಳಿದ ಕಾಲದಲ್ಲಿ ಶುಕ್ರವಾರದಿಂದ ಸೋಮವಾರದವರೆಗೆ ಮೂರು ರಾತ್ರಿ, ಸೋಮವಾರದಿಂದ ಶುಕ್ರವಾರದವರೆಗೆ ನಾಲ್ಕು ರಾತ್ರಿ ಸಿಗುತ್ತದೆ. ಮಾಲೀಕರಿಗೆ ಬರೆದು ಕೇಳಿ: ಕಾರು ನಿಲ್ಲಿಸುವ ಜಾಗದಿಂದ ಬಾಗಿಲಿಗೆ ಎಷ್ಟು ಮೆಟ್ಟಿಲು? ಒಳಗಿನ ಏಣಿಮೆಟ್ಟಿಲು ಎಷ್ಟು ಕಡಿದು? ತೊಲೆ ತಲೆಗೆ ತಾಗುತ್ತದೆಯೇ? ಬಚ್ಚಲುಮನೆ ಯಾವ ಮಹಡಿಯಲ್ಲಿದೆ? ಪಾರ್ಕಿಂಗ್ ಪಾಸ್ ಕೊಡುತ್ತಾರೆಯೇ? ವೈಫೈ ಇದೆಯೇ? ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. "ಸಮುದ್ರದ ನೋಟ" ಅಂತ ಬರೆದಿದ್ದರೆ ಯಾವ ಕೋಣೆಯ ಕಿಟಕಿಯಿಂದ ಅಂತ ಕೇಳಿ. ಒಂದೇ ಒಂದು ಮಾಡಿನ ಕಿಂಡಿಯಿಂದ ಕಂಡರೂ ಹಾಗೆ ಬರೆಯಲು ಅಡ್ಡಿಯಿಲ್ಲ.

ದಿನಸಿಯನ್ನು ವಿಟ್ಬಿಯಲ್ಲೇ ಕೊಂಡು ಬನ್ನಿ. ರಾತ್ರಿ ಓಣಿಯಲ್ಲಿ ಮೆಲ್ಲಗೆ ಮಾತಾಡಿ, ಪಕ್ಕದ ಗೋಡೆಯ ಹಿಂದೆ ಬೆಳಗ್ಗೆ ಬೇಗ ಏಳುವ ಊರಿನವರು ಇರಬಹುದು.

ಹಂತ 8: ಕಾರಿಲ್ಲದವರ ಲೆಕ್ಕ

ಎರಡೂ ಊರಿಗೆ ಈಗ ರೈಲಿಲ್ಲ. ರಾಬಿನ್ ಹುಡ್ಸ್ ಬೇಗೆ ಯಾರ್ಕ್‌ನಿಂದ ಸ್ಕಾರ್ಬರೋಗೆ ರೈಲು, ಅಲ್ಲಿಂದ ವಿಟ್ಬಿ ಕಡೆಯ ಎಕ್ಸ್93 ಬಸ್ಸು ಸುಲಭ. ಸ್ಟೇಥ್ಸ್‌ಗೆ ಮಿಡಲ್ಸ್‌ಬರೋ ಮತ್ತು ವಿಟ್ಬಿ ನಡುವಿನ ಎಕ್ಸ್4 ಬಸ್ಸು. ಅದು ಮೇಲಿನ ಮುಖ್ಯ ರಸ್ತೆಯಲ್ಲಿ ಇಳಿಸುತ್ತದೆ, ಹಳೆಯ ಊರಿಗೆ ಹದಿನೈದು ನಿಮಿಷದಷ್ಟು ನಡೆಯಬೇಕು. ಮಿಡಲ್ಸ್‌ಬರೋದಿಂದ ವಿಟ್ಬಿಗೆ ಎಸ್ಕ್ ಕಣಿವೆಯ ರೈಲೂ ಇದೆ. ದಾರಿ ಬಹಳ ಚೆಂದ, ಆದರೆ ದಿನಕ್ಕೆ ಕೆಲವೇ ರೈಲು. ಬರೀ ಬಸ್ಸನ್ನೇ ನಂಬಿ ಬರುವವರಿಗೆ ನನ್ನ ಮತ ರಾಬಿನ್ ಹುಡ್ಸ್ ಬೇಗೆ. ಬೇಸರವಾದರೆ ಸಿಂಡರ್ ಟ್ರ್ಯಾಕ್ ಹಿಡಿದು ವಿಟ್ಬಿಗೆ ನಡೆದೇ ಹೋಗಬಹುದು.

ಹಂತ 9: ಇನ್ನೂ ಮನಸ್ಸು ಎರಡಾಗಿದ್ದರೆ

ಮಕ್ಕಳಿದ್ದರೆ, ನಡಿಗೆ ಇಷ್ಟವಿದ್ದರೆ, ಹಗಲಿನಲ್ಲಿ ನೀರು ಇಳಿಯುವ ವಾರವಾದರೆ ರಾಬಿನ್ ಹುಡ್ಸ್ ಬೇಯಲ್ಲಿ ಮನೆ ಹಿಡಿಯಿರಿ. ಇಬ್ಬರೇ ಹೋಗುತ್ತಿದ್ದರೆ, ವಿಶ್ರಾಂತಿಯೇ ಮುಖ್ಯವಾದರೆ ಸ್ಟೇಥ್ಸ್. ನಾನಂತೂ ಒಬ್ಬನೇ ಹೋಗುವಾಗ ಸ್ಟೇಥ್ಸ್‌ಗೇ ಹೋಗುತ್ತೇನೆ.

ಎರಡರಲ್ಲೂ ಅರ್ಧರ್ಧ ವಾರ ಉಳಿಯುವ ಯೋಚನೆ ಬೇಡ. ಸಾಮಾನು ಹೊತ್ತು ಎರಡು ಇಳಿಜಾರು ಇಳಿದು ಹತ್ತುವುದರಲ್ಲೇ ರಜೆ ಹೋಗುತ್ತದೆ. ಒಂದರಲ್ಲಿ ಉಳಿದು ಇನ್ನೊಂದನ್ನು ಒಂದು ದಿನ ನೋಡಿ ಬನ್ನಿ. ಸ್ಟೇಥ್ಸ್‌ನಲ್ಲಿ ಉಳಿದವರು ಇಳಿತ ನಡುಹಗಲಿಗೆ ಬರುವ ದಿನ ರಾಬಿನ್ ಹುಡ್ಸ್ ಬೇಗೆ ಹೋಗಿ. ರಾಬಿನ್ ಹುಡ್ಸ್ ಬೇಯಲ್ಲಿ ಉಳಿದವರು ಉಬ್ಬರ ನಡುಹಗಲಿಗೆ ಬರುವ ದಿನ ಸ್ಟೇಥ್ಸ್‌ಗೆ ಹೋಗಿ. ಬಸ್ಸಿನಲ್ಲಾದರೆ ವಿಟ್ಬಿಯಲ್ಲಿ ಬದಲಿಸಬೇಕು. ವಾಪಸ್ ಬರುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಅಂತ ಬೆಳಗ್ಗೆ ಹೊರಡುವಾಗಲೇ ನೋಡಿಕೊಳ್ಳಿ. ಚಳಿಗಾಲದಲ್ಲಿ ಮತ್ತು ಭಾನುವಾರ ಬಸ್ಸುಗಳು ಕಡಿಮೆ.